ವಿಂಡರ್ಮಿಯರ್ ದಂಡೆಯ ಲೇಕ್‌ಸೈಡ್ ಸ್ಟೇಷನ್: ಊರೇ ಇಲ್ಲದ ಕಡೆ ಅಷ್ಟು ದೊಡ್ಡ ನಿಲ್ದಾಣ ಯಾಕೆ ಕಟ್ಟಿದರು?

ಹಳಿಗುಂಟ

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್‌ನಲ್ಲಿ, ವಿಂಡರ್ಮಿಯರ್ ಸರೋವರದ ದಕ್ಷಿಣ ತುದಿಯಲ್ಲಿ ಲೇಕ್‌ಸೈಡ್ ಅಂತ ಒಂದು ಸ್ಟೇಷನ್ ಇದೆ. ಪ್ಲಾಟ್‌ಫಾರ್ಮಿನ ಪಕ್ಕದಲ್ಲೇ ಜೆಟ್ಟಿ. ರೈಲಿಳಿದವರು ಹತ್ತು ಹೆಜ್ಜೆ ಹಾಕಿದರೆ ದೋಣಿ. 1869ರಲ್ಲಿ ಶುರುವಾಗಿ, 1965ರಲ್ಲಿ ಮುಚ್ಚಿ, 1973ರಲ್ಲಿ ಮತ್ತೆ ತೆರೆದುಕೊಂಡ ಸ್ಟೇಷನ್ ಇದು. ಈಗಲೂ ಅಲ್ಲಿಗೆ ಉಗಿ ಇಂಜಿನ್ ಬರುತ್ತದೆ.

ಹಳೆಯ ಫೋಟೋಗಳನ್ನು ನೋಡುತ್ತಿದ್ದೆ. ಗೋಪುರ, ದೊಡ್ಡ ಚಾವಣಿ, ಮಹಡಿ ಮೇಲೆ ರೆಸ್ಟೋರೆಂಟ್, ಎಲ್ಲಾ ಇತ್ತು. ಆದರೆ ಸುತ್ತಮುತ್ತ ಹೇಳಿಕೊಳ್ಳುವಂಥ ಊರೇ ಇಲ್ಲ. ಕಾಡು, ನೀರು, ನಾಲ್ಕಾರು ಮನೆ. ಇಂಥ ಕಡೆ ಅಷ್ಟು ದುಡ್ಡು ಯಾಕೆ ಸುರಿದರು? ಇನ್ನೊಂದು ಪ್ರಶ್ನೆ: ಅಷ್ಟು ಚೆನ್ನಾಗಿದ್ದ ಮಾರ್ಗವನ್ನು ಮುಚ್ಚಿದ್ದು ಬೀಚಿಂಗ್ ವರದಿ (ನಷ್ಟದ ರೈಲು ಮಾರ್ಗಗಳನ್ನು ಮುಚ್ಚಲು ಹೇಳಿದ ವರದಿ) ಒಂದೇನಾ, ಅಥವಾ ಅದಕ್ಕೂ ಮೊದಲೇ ಸೊರಗಿತ್ತಾ? ಗೊತ್ತಿರುವವರು ಬರೆಯಿರಿ.

ಕಲ್ಲಿದ್ದಲು

ಒಳ್ಳೆ ಪ್ರಶ್ನೆ. ಉತ್ತರ ಸ್ವಲ್ಪ ಉದ್ದ ಇದೆ, ಸಾವಧಾನವಾಗಿ ಓದಿ.

ಇದನ್ನು ಕಟ್ಟಿದ್ದು ಫರ್ನೆಸ್ ರೈಲ್ವೆ. 1846ರಲ್ಲಿ ಓಡಲು ಶುರು ಮಾಡಿದ ಈ ಕಂಪನಿಗೆ ಮೊದಲಿಗೆ ಪ್ರಯಾಣಿಕರ ಚಿಂತೆಯೇ ಇರಲಿಲ್ಲ. ಕಬ್ಬಿಣದ ಅದಿರು, ಸ್ಲೇಟು ಕಲ್ಲು ಹೊತ್ತು ಸಮುದ್ರದ ಕಡೆಗೆ ಸಾಗಿಸುವುದೇ ಕೆಲಸ. ಬ್ಯಾರೋ ಅನ್ನುವ ಸಣ್ಣ ಹಳ್ಳಿ ನೋಡನೋಡುತ್ತಿದ್ದಂತೆ ಕಬ್ಬಿಣ, ಉಕ್ಕಿನ ಪಟ್ಟಣವಾಯಿತು. ಕಂಪನಿಯ ಕೈಯಲ್ಲಿ ದುಡ್ಡು ಬಂತು. ಅದೇ ಹೊತ್ತಿಗೆ ಸರೋವರ ನೋಡಲು ಬರುವವರೂ ಜಾಸ್ತಿಯಾದರು.

ಅಲ್ವರ್‌ಸ್ಟನ್ ಪಕ್ಕದ ಪ್ಲಂಪ್ಟನ್ ಜಂಕ್ಷನ್‌ನಿಂದ ಲೆವೆನ್ ನದಿಯ ಕಣಿವೆ ಹಿಡಿದು ಒಂದು ಬ್ರಾಂಚ್ ಲೈನ್ ಹಾಕಿದರು. ಮೊದಲ ಯೋಚನೆ ಇದ್ದದ್ದು ನ್ಯೂಬಿ ಬ್ರಿಜ್‌ವರೆಗೆ ಮಾತ್ರ. ಆಗ ಸ್ಟೀಮರ್‌ಗಳು ನದಿಯಲ್ಲಿ ಅಲ್ಲಿವರೆಗೂ ಇಳಿದು ಬರುತ್ತಿದ್ದವು. ಆದರೆ ಅಲ್ಲಿ ನದಿ ಕಿರಿದು, ಆಳವೂ ಕಡಿಮೆ. ದೋಣಿ ನಡೆಸುವುದೇ ಕಷ್ಟ. ದೋಣಿ ರೈಲಿನ ಹತ್ತಿರ ಬರಲಾಗದಿದ್ದರೆ ರೈಲೇ ದೋಣಿಯ ಹತ್ತಿರ ಹೋಗಲಿ ಅಂತ ಹಳಿಯನ್ನು ಸರೋವರದ ಅಂಚಿನವರೆಗೂ ಎಳೆದರು. 1869ರ ಜೂನ್ 1ಕ್ಕೆ ಲೇಕ್‌ಸೈಡ್ ತೆರೆಯಿತು.

ಹಾಗಾಗಿ ಊರು ಎಲ್ಲಿ ಅಂತ ಹುಡುಕಬೇಡಿ. ಈ ಸ್ಟೇಷನ್ನಿನ ಊರು ಅಂದರೆ ಇಡೀ ಸರೋವರ. ದಂಡೆಯ ಊರುಗಳಾದ ಬೌನೆಸ್, ಆಂಬಲ್‌ಸೈಡ್ ಎಲ್ಲದಕ್ಕೂ ಇದೇ ಬಾಗಿಲು.

ಉಗಿಬಂಡಿ

ಅಂದರೆ ಇದು ಸ್ಟೇಷನ್‌ಗಿಂತ ಹೆಚ್ಚಾಗಿ ಹಳಿ ಇರುವ ಜೆಟ್ಟಿ!

ಮಲೆನಾಡ ಹುಡುಗಿ

ಒಂದು ನಿಮಿಷ. ವಿಂಡರ್ಮಿಯರ್‌ಗೆ ರೈಲು 1847ರಲ್ಲೇ ಬಂದಿತ್ತಲ್ಲ? ಕವಿ ವರ್ಡ್ಸ್‌ವರ್ತ್ ಅದನ್ನು ವಿರೋಧಿಸಿ ದೊಡ್ಡ ಗಲಾಟೆ ಮಾಡಿದ್ದರು ಅಂತ ಓದಿದ್ದೇನೆ. 1869 ಹೇಗಾಗುತ್ತದೆ?

ಕಲ್ಲಿದ್ದಲು

ಮೇಡಂ, ಅದು ಬೇರೆ ಸ್ಟೇಷನ್, ಬೇರೆ ಕಂಪನಿ. ನೀವು ಹೇಳುತ್ತಿರುವುದು ಕೆಂಡಲ್ ಕಡೆಯಿಂದ ಬಂದ ಲೈನು. ಅದು 1847ರ ಏಪ್ರಿಲ್‌ನಲ್ಲಿ ತೆರೆಯಿತು. ವರ್ಡ್ಸ್‌ವರ್ತ್ 1844ರಲ್ಲಿ ಪತ್ರಿಕೆಗೆ ಕಾಗದ ಬರೆದು ವಿರೋಧಿಸಿದ್ದು ಅದನ್ನೇ. ಆ ಲೈನು ನಿಂತದ್ದು ಬರ್ತ್‌ವೇಟ್ ಅನ್ನುವ ಕಡೆ, ನೀರಿನಿಂದ ಸುಮಾರು 2 ಕಿ.ಮೀ. ದೂರ, ಗುಡ್ಡದ ಮೇಲೆ. ಸ್ಟೇಷನ್ನಿಗೆ ವಿಂಡರ್ಮಿಯರ್ ಅಂತ ಹೆಸರಿಟ್ಟರು, ಕೊನೆಗೆ ಊರಿಗೂ ಅದೇ ಹೆಸರು ಅಂಟಿಕೊಂಡಿತು. ಅಲ್ಲಿ ಇಳಿದವರು ಬೌನೆಸ್ ಜೆಟ್ಟಿಗೆ ಇಳಿಜಾರಿನಲ್ಲಿ ಬೇರೆ ಗಾಡಿ ಹಿಡಿಯಬೇಕು, ಇಲ್ಲವೇ ನಡೆಯಬೇಕು. ನೀರಿನ ಅಂಚಿಗೇ ಹಳಿ ತಂದದ್ದು ಫರ್ನೆಸ್‌ನವರು. ಇಬ್ಬರಿಗೂ ಇದ್ದ ವ್ಯತ್ಯಾಸ ಅದೇ.

ಮಲೆನಾಡ ಹುಡುಗಿ

ಈಗ ತಿಳಿಯಿತು. ಬರ್ತ್‌ವೇಟ್ ಸ್ಟೇಷನ್ ಇವತ್ತಿಗೂ ಸಾಮಾನ್ಯ ರೈಲು ಬರುವ ನಿಲ್ದಾಣ, ಅಲ್ವಾ? ಲೇಕ್‌ಸೈಡ್‌ಗೆ ಮಾತ್ರ ಪ್ರವಾಸಿ ರೈಲು.

ಉತ್ತರದ ಗಾಳಿ

ಹೌದು. ಆಕ್ಸೆನ್‌ಹೋಮ್‌ನಲ್ಲಿ ರೈಲು ಬದಲಿಸಿದರೆ ವಿಂಡರ್ಮಿಯರ್‌ಗೆ ಈಗಲೂ ಹೋಗಬಹುದು. ವಿಚಿತ್ರ ನೋಡಿ, ನೀರಿಂದ ದೂರ ನಿಂತ ಲೈನು ಉಳಿಯಿತು. ನೀರಿಗೇ ಹೋದ ಲೈನನ್ನು ಕಡಿದರು.

ನಾನು ಈ ದೇಶಕ್ಕೆ ಬಂದ ಹೊಸತರಲ್ಲಿ ಬೌನೆಸ್‌ನಿಂದ ಟರ್ನ್ ದೋಣಿಯಲ್ಲಿ ಲೇಕ್‌ಸೈಡ್‌ಗೆ ಹೋಗಿದ್ದೆ. 1891ರ ದೋಣಿ ಅದು. ಮುಂಭಾಗ ಚೂಪಾಗಿ, ಕೊಕ್ಕಿನ ಹಾಗೆ ಮೇಲೆದ್ದಿರುತ್ತದೆ. ದಕ್ಷಿಣಕ್ಕೆ ಹೋಗ್ತಾ ಹೋಗ್ತಾ ಸರೋವರ ಕಿರಿದಾಗುತ್ತದೆ, ಎರಡೂ ಕಡೆ ಕಾಡು ಹತ್ತಿರ ಬರುತ್ತದೆ. ಕೊನೆಯ ತಿರುವಿನಲ್ಲಿ ಮರಗಳ ಹಿಂದಿನಿಂದ ಬಿಳಿ ಹಬೆ ಏಳುವುದು ಕಂಡಿತು. ಡೆಕ್ಕಿನ ಮೇಲಿದ್ದ ಮಕ್ಕಳೆಲ್ಲಾ ಒಂದೇ ಬದಿಗೆ ಓಡಿದರು. ಹಗ್ಗ ಕಟ್ಟಿ ಹಲಗೆ ಹಾಕುವ ಹೊತ್ತಿಗೆ ಇಂಜಿನ್ ಬೋಗಿಗಳಿಂದ ಬಿಡಿಸಿಕೊಂಡು ಇನ್ನೊಂದು ತುದಿಗೆ ಹೋಗುತ್ತಿತ್ತು. ಇಳಿದವರಲ್ಲಿ ಅರ್ಧ ಜನ ಸೀದಾ ಪ್ಲಾಟ್‌ಫಾರ್ಮಿಗೆ. ಕಲ್ಲಿದ್ದಲ ಹೊಗೆಯ ವಾಸನೆ, ನೀರಿನ ವಾಸನೆ ಎರಡೂ ಒಟ್ಟಿಗೆ. 1869ರಲ್ಲಿ ಯಾರು ಈ ಲೆಕ್ಕಾಚಾರ ಹಾಕಿದರೋ, ಅದು ಇವತ್ತಿಗೂ ಸರಿಯಾಗಿ ಕೆಲಸ ಮಾಡುತ್ತದೆ.

ಬೆಳಗಿನ ಕಾಫಿ

ಶ್ನೈಡರ್ ಬಗ್ಗೆ ಯಾರೂ ಹೇಳಲಿಲ್ಲವಲ್ಲ! ಈ ಸ್ಟೇಷನ್ನಿನ ಅತ್ಯಂತ ಠೀವಿಯ ಪ್ರಯಾಣಿಕ ಅವನೇ. ಎಚ್. ಡಬ್ಲ್ಯು. ಶ್ನೈಡರ್, ಬ್ಯಾರೋದ ಕಬ್ಬಿಣದ ದೊರೆ. ಮನೆ ಇದ್ದದ್ದು ಬೌನೆಸ್‌ನ ಬೆಲ್ಸ್‌ಫೀಲ್ಡ್‌ನಲ್ಲಿ. ಎಸ್ಪೆರಾನ್ಸ್ ಅಂತ ಸ್ವಂತ ಉಗಿದೋಣಿ ಇಟ್ಟುಕೊಂಡಿದ್ದ, ಅದೂ 1869ರದ್ದೇ. ಬೆಳಿಗ್ಗೆ ಮನೆಯಿಂದ ತೋಟದೊಳಗೆ ನಡೆದು ಜೆಟ್ಟಿಗೆ ಬರುವುದು, ದೋಣಿ ಸಾಗುವಾಗಲೇ ತಿಂಡಿ, ಲೇಕ್‌ಸೈಡ್‌ನಲ್ಲಿ ಇಳಿದು ರೈಲು, ಅಲ್ಲಿಂದ ಬ್ಯಾರೋದ ಆಫೀಸು. ಆ ದೋಣಿ ಈಗ ಬೌನೆಸ್ ಹತ್ತಿರದ ವಿಂಡರ್ಮಿಯರ್ ಜೆಟ್ಟಿ ಮ್ಯೂಸಿಯಂನಲ್ಲಿದೆ. ನೋಡಲೇಬೇಕಾದ ವಸ್ತು.

ಉಗಿಬಂಡಿ

ಆಫೀಸಿಗೆ ಹೋಗುವುದಂದರೆ ಹೀಗಿರಬೇಕು.

ಗೂಡ್ಸ್ ಗಾಡಿ

ಎಲ್ಲರೂ ಪ್ರವಾಸಿಗಳು, ಶ್ರೀಮಂತರು ಅಂತಲೇ ಬರೆಯುತ್ತಿದ್ದೀರಿ. ಸರಕಿನ ಕಥೆ ಬಿಟ್ಟರೆ ಈ ಲೈನಿನ ಅರ್ಧ ಇತಿಹಾಸ ಬಿಟ್ಟ ಹಾಗೆ.

ಲೆವೆನ್ ಕಣಿವೆ ಅಂದರೆ ಬರೀ ಚಂದದ ಕಾಡಲ್ಲ, ಕೈಗಾರಿಕೆಯ ಜಾಗ. ಬ್ಯಾಕ್‌ಬ್ಯಾರೋದಲ್ಲಿ ಕಬ್ಬಿಣದ ಕುಲುಮೆ, ಬಟ್ಟೆಗೆ ಹಾಕುವ ನೀಲಿ ತಯಾರಿಸುವ ಕಾರ್ಖಾನೆ. ಲೋ ವುಡ್‌ನಲ್ಲಿ ಸಿಡಿಮದ್ದಿನ ಕಾರ್ಖಾನೆ. ಲೇಕ್‌ಸೈಡ್‌ನಿಂದ ಸ್ವಲ್ಪವೇ ಉತ್ತರಕ್ಕೆ ಸ್ಟಾಟ್ ಪಾರ್ಕ್‌ನಲ್ಲಿ 1835ರಲ್ಲಿ ಕಟ್ಟಿದ ಬಾಬಿನ್ ಮಿಲ್. ಲ್ಯಾಂಕಾಶೈರಿನ ಹತ್ತಿ ಗಿರಣಿಗಳಿಗೆ ಬೇಕಾದ, ನೂಲು ಸುತ್ತುವ ಮರದ ಬಾಬಿನ್‌ಗಳನ್ನು ಸುತ್ತಲಿನ ಕಾಡಿನ ಮರದಿಂದ ಕಡೆದು ತೆಗೆಯುತ್ತಿದ್ದರು. ಆ ಮಿಲ್ 1971ರವರೆಗೂ ನಡೆಯಿತು, ಈಗ ಅದೂ ಮ್ಯೂಸಿಯಂ.

ಆಮೇಲೆ ರೇವನ್. 1871ರಲ್ಲಿ ಫರ್ನೆಸ್ ಕಂಪನಿ ಇಳಿಸಿದ ಸರಕು ದೋಣಿ. ರೈಲಿನಲ್ಲಿ ಬಂದ ಸಾಮಾನನ್ನು ಸರೋವರದ ಸುತ್ತಲಿನ ಹಳ್ಳಿಗಳಿಗೆ, ದೊಡ್ಡ ಮನೆಗಳಿಗೆ ಮುಟ್ಟಿಸುವುದು ಅದರ ಕೆಲಸ. ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿದರೆ ಐಸ್ ಒಡೆದು ದಾರಿ ಮಾಡುವುದೂ ಅದೇ. ಅದೂ ಎಸ್ಪೆರಾನ್ಸ್ ಇರುವ ಮ್ಯೂಸಿಯಂನಲ್ಲೇ ಇದೆ. ಆದರೆ ಜನ ಎಸ್ಪೆರಾನ್ಸ್ ಮುಂದೆ ನಿಂತು ಫೋಟೋ ತೆಗೆಸಿಕೊಂಡು, ರೇವನ್ ಕಡೆ ತಿರುಗಿಯೂ ನೋಡುವುದಿಲ್ಲ. ನನಗೆ ಅದು ಬೇಜಾರು.

ದಕ್ಕೆ ಮನುಷ್ಯ

ಗೂಡ್ಸ್ ಗಾಡಿಯವರ ಮಾತಿಗೆ ನನ್ನದೊಂದು ಸೇರ್ಪಡೆ. ಲೇಕ್‌ಸೈಡ್ ಒಂಥರಾ ಹಡಗುಕಟ್ಟೆ ಕೂಡ. ಈಗ ಓಡುತ್ತಿರುವ ದೊಡ್ಡ ದೋಣಿಗಳಲ್ಲಿ ಟೀಲ್ 1936ರದ್ದು, ಸ್ವಾನ್ 1938ರದ್ದು. ಎರಡನ್ನೂ ಬ್ಯಾರೋದ ವಿಕರ್ಸ್ ಆರ್ಮ್‌ಸ್ಟ್ರಾಂಗ್ಸ್ ಕಟ್ಟಿತು. ಸಮುದ್ರಕ್ಕೆ ಹಡಗು ಕಟ್ಟುವ ಕಂಪನಿ! ಬ್ಯಾರೋದಿಂದ ವಿಂಡರ್ಮಿಯರ್‌ಗೆ ದೊಡ್ಡ ದೋಣಿ ಹೋಗುವಂಥ ನೀರಿನ ದಾರಿ ಇಲ್ಲ. ಅದಕ್ಕೆ ಬಿಡಿಬಿಡಿ ಭಾಗ ಮಾಡಿ ಇದೇ ಬ್ರಾಂಚ್ ಲೈನಿನಲ್ಲಿ ವ್ಯಾಗನ್ ಮೇಲೆ ತಂದು, ಲೇಕ್‌ಸೈಡ್‌ನಲ್ಲಿ ಜೋಡಿಸಿ ನೀರಿಗಿಳಿಸಿದರು. ಈ ಹಳಿ ಇಲ್ಲದಿದ್ದರೆ ಆ ದೋಣಿಗಳೇ ಇಲ್ಲ. ದೋಣಿ ಇದ್ದದ್ದಕ್ಕೆ ರೈಲು ಬಂತು, ರೈಲು ಇದ್ದದ್ದಕ್ಕೆ ದೊಡ್ಡ ದೋಣಿ ಬಂತು.

ಹಳಿಗುಂಟ

ಅಬ್ಬಾ! ಈ ಭಾಗ ನನಗೆ ಹೊಸದು. ದೋಣಿ ಕಂಪನಿಯೂ ರೈಲ್ವೆಯದ್ದೇ ಆಗಿತ್ತಾ?

ದಕ್ಕೆ ಮನುಷ್ಯ

ಮೊದಲಿಂದ ಅಲ್ಲ. ವಿಂಡರ್ಮಿಯರ್‌ನಲ್ಲಿ ಪ್ರಯಾಣಿಕರ ಉಗಿದೋಣಿ ಓಡಲು ಶುರುವಾದದ್ದು 1845ರಲ್ಲಿ. ಹೆಸರು ಲೇಡಿ ಆಫ್ ದ ಲೇಕ್. ಆಮೇಲೆ ಪೈಪೋಟಿಯ ದೋಣಿಗಳು ಬಂದವು, ಒಂದಾದವು. 1872ರಲ್ಲಿ ಫರ್ನೆಸ್ ರೈಲ್ವೆ ಅವುಗಳನ್ನು ಕೊಂಡುಕೊಂಡಿತು. 1923ರಲ್ಲಿ ರೈಲ್ವೆ ಕಂಪನಿಗಳನ್ನು ಒಟ್ಟು ಮಾಡಿದಾಗ ರೈಲಿನ ಜೊತೆ ದೋಣಿಗಳೂ ಎಲ್.ಎಂ.ಎಸ್. ಅನ್ನುವ ದೊಡ್ಡ ರೈಲ್ವೆ ಕಂಪನಿಯ ಪಾಲಾದವು. 1948ರಲ್ಲಿ ಎಲ್ಲಾ ಸರ್ಕಾರದ್ದಾಯಿತು. ಕೊನೆಗೆ ಸರ್ಕಾರಿ ರೈಲ್ವೆಯ ಹಡಗು ವಿಭಾಗವಾದ ಸೀಲಿಂಕ್ ಕೈಯಲ್ಲಿದ್ದು, 1984ರಲ್ಲಿ ಖಾಸಗಿಯವರಿಗೆ ಹೋಯಿತು. ಅಂದರೆ 1965ರಲ್ಲಿ ರೈಲು ನಿಂತ ಮೇಲೂ ಲೇಕ್‌ಸೈಡ್ ಜೆಟ್ಟಿಗೆ ಸರ್ಕಾರಿ ರೈಲ್ವೆಯ ದೋಣಿ ಬರುತ್ತಲೇ ಇತ್ತು! ರೈಲಿಲ್ಲದ ಸ್ಟೇಷನ್ನಿಗೆ ರೈಲ್ವೆಯ ದೋಣಿ.

ಟೈಮ್‌ಟೇಬಲ್

ಇನ್ನು ಎರಡನೇ ಪ್ರಶ್ನೆ. ಮುಚ್ಚಿಸಿದ್ದು ಬೀಚಿಂಗ್, ಅದರಲ್ಲಿ ಅನುಮಾನವೇ ಬೇಡ. 1963ರ ವರದಿ, 1965ರ ಸೆಪ್ಟೆಂಬರ್‌ನಲ್ಲಿ ಪ್ರಯಾಣಿಕರ ರೈಲು ಬಂದ್. ಬೇಸಿಗೆಯಲ್ಲಿ ತುಂಬಿ ತುಳುಕುವ ರೈಲುಗಳನ್ನು ಕಾಗದದ ಮೇಲೆ ನಷ್ಟ ಅಂತ ತೋರಿಸಿದರು.

ಗೂಡ್ಸ್ ಗಾಡಿ

ಅಷ್ಟು ಸುಲಭಕ್ಕೆ ಒಪ್ಪಲಾರೆ. ಚಳಿಗಾಲದ ಪ್ರಯಾಣಿಕ ರೈಲುಗಳು 1938ರಲ್ಲೇ ನಿಂತಿದ್ದವು. ಅಂದರೆ ಬೀಚಿಂಗ್ ಬರುವ ಇಪ್ಪತ್ತೈದು ವರ್ಷ ಮೊದಲೇ ಇದು ಬೇಸಿಗೆಯ ಲೈನು. ವರ್ಷದಲ್ಲಿ ಕೆಲವೇ ತಿಂಗಳು ದುಡಿಯುವ ಮಾರ್ಗಕ್ಕೆ ಹನ್ನೆರಡೂ ತಿಂಗಳು ಹಳಿ, ಸಿಗ್ನಲ್, ಸೇತುವೆ ನೋಡಿಕೊಳ್ಳಬೇಕು. ಊರಿಲ್ಲದ ಕಡೆ ಸ್ಟೇಷನ್ ಕಟ್ಟಿದ್ದರ ಇನ್ನೊಂದು ಮುಖ ಇದು. ದಿನಾ ಓಡಾಡುವ ಸ್ಥಳೀಯರು ಕಡಿಮೆ. ಪ್ರವಾಸಿಗಳು ಕಾರು, ಬಸ್ಸು ಹಿಡಿದ ಕೂಡಲೇ ಬುಡ ಅಲುಗಾಡಿತು. ಸರಕು ರೈಲು ಮಾತ್ರ ಬ್ಯಾಕ್‌ಬ್ಯಾರೋವರೆಗೆ 1967ರ ತನಕ ಓಡಿತು. ಅಲ್ಲಿನ ಕಬ್ಬಿಣದ ಕೆಲಸ ಮುಗಿದ ಮೇಲೆ ಅದಕ್ಕೂ ಅರ್ಥವಿರಲಿಲ್ಲ.

ಟೈಮ್‌ಟೇಬಲ್

ಚಳಿಗಾಲದಲ್ಲಿ ರೈಲು ನಿಲ್ಲಿಸಿದ್ದು ಯಾರು? ರೈಲ್ವೆಯೇ. ಸೇವೆ ಕಡಿಮೆ ಮಾಡುವುದು, ಜನ ಕಡಿಮೆಯಾದರು ಅನ್ನುವುದು, ಆಮೇಲೆ ಮುಚ್ಚುವುದು. ದೋಣಿ ಮತ್ತು ರೈಲು ಎರಡೂ ಒಂದೇ ಯಜಮಾನನ ಕೈಯಲ್ಲಿದ್ದಾಗ ಎರಡರ ಲೆಕ್ಕವನ್ನೂ ಒಟ್ಟಿಗೆ ನೋಡಬೇಕಿತ್ತು. ಲೇಕ್‌ಸೈಡ್‌ನಲ್ಲಿ ದೋಣಿ ಹತ್ತಿದವರಲ್ಲಿ ಎಷ್ಟೋ ಜನ ರೈಲಿನಲ್ಲೇ ಬಂದವರು. ರೈಲಿನ ಖರ್ಚನ್ನು ಮಾತ್ರ ಬೇರೆ ಮಾಡಿ ನಷ್ಟ ಅಂದರೆ ನ್ಯಾಯವಲ್ಲ.

ಗೂಡ್ಸ್ ಗಾಡಿ

ಲೆಕ್ಕ ಒಟ್ಟಿಗೆ ನೋಡಬೇಕಿತ್ತು ಅನ್ನುವುದನ್ನು ಒಪ್ಪುತ್ತೇನೆ. ಆದರೂ ಜನವರಿಯ ಮಳೆಯಲ್ಲಿ ದೋಣಿಗೂ ಜನ ಇರಲಿಲ್ಲ ಅನ್ನುವುದನ್ನು ಮರೆಯಬೇಡಿ.

ಉತ್ತರದ ಗಾಳಿ

ಇಬ್ಬರೂ ಒಂದು ಮುಖ್ಯ ಖಳನಾಯಕನನ್ನು ಬಿಟ್ಟಿರಿ: ಎ590 ರಸ್ತೆ.

1967ರಲ್ಲಿ ರೈಲುಪ್ರೇಮಿಗಳ ಗುಂಪೊಂದು ಲೇಕ್‌ಸೈಡ್ ಲೈನ್ ಉಳಿಸಲು ಸೇರಿತು. ಅವರ ಆಸೆ ಇದ್ದದ್ದು ಪ್ಲಂಪ್ಟನ್ ಜಂಕ್ಷನ್‌ವರೆಗಿನ ಇಡೀ ಲೈನು. ಅಂದರೆ ಮುಖ್ಯ ಮಾರ್ಗದ ಜೊತೆ ಕೊಂಡಿ ಉಳಿಯುತ್ತಿತ್ತು, ದೂರದ ಊರುಗಳಿಂದ ವಿಶೇಷ ರೈಲುಗಳು ನೇರವಾಗಿ ಸರೋವರದ ದಂಡೆಗೆ ಬರಬಹುದಿತ್ತು. ಆದರೆ ರಸ್ತೆ ಅಗಲ ಮಾಡುವ ಯೋಜನೆಗೆ ಹಳಿಯ ಜಾಗ ಬೇಕಾಯಿತು. ಈ ಲೈನಿನ ಗ್ರೀನಾಡ್ ಸ್ಟೇಷನ್ ಇದ್ದ ಜಾಗದ ಮೇಲೆ ಈಗ ಎ590ರ ವಾಹನಗಳು ಓಡುತ್ತವೆ. ಹೇವರ್‌ತ್ವೇಟ್‌ನಿಂದ ಲೇಕ್‌ಸೈಡ್‌ವರೆಗಿನ ಸುಮಾರು 5 ಕಿ.ಮೀ. ತುಂಡು ಮಾತ್ರ ಉಳಿಯಿತು. 1973ರ ಮೇ 2ರಂದು ಅದು ಮತ್ತೆ ತೆರೆಯಿತು. ತೆರೆದವರು ಬಿಷಪ್ ಎರಿಕ್ ಟ್ರೀಸಿ. ವೇಕ್‌ಫೀಲ್ಡಿನ ಬಿಷಪ್, ಜೊತೆಗೆ ರೈಲಿನ ಫೋಟೋಗಳಿಗೆ ಹೆಸರುವಾಸಿ.

ನಾನು ಎ590ರಲ್ಲಿ ಹೋಗುವಾಗಲೆಲ್ಲಾ ಇದನ್ನೇ ಯೋಚಿಸುತ್ತೇನೆ. ಇನ್ನು ಕೆಲವೇ ಕಿ.ಮೀ. ಹಳಿ ಬಿಟ್ಟಿದ್ದರೆ ಸಾಕಿತ್ತು.

ನಗರವಾಸಿ

ಸುಮ್ನೆ ಕೇಳುತ್ತಿದ್ದೇನೆ, ಬೇಸರ ಬೇಡ. ಐದು ಕಿ.ಮೀ. ಹೋಗಿ ವಾಪಸ್ ಬರುವ, ಬೇರೆ ಯಾವ ರೈಲಿಗೂ ಕೂಡದ ಲೈನನ್ನು ಸಾರಿಗೆ ಅನ್ನಬಹುದಾ? ಅದು ಆಟಿಕೆ ರೈಲಲ್ಲವಾ? ಕಾರು ತಂದು ಹೇವರ್‌ತ್ವೇಟ್‌ನಲ್ಲಿ ನಿಲ್ಲಿಸಿ, ರೈಲಿನಲ್ಲಿ ಹೋಗಿ, ಮತ್ತೆ ಕಾರಿಗೆ ಬರುವುದು.

ದಕ್ಕೆ ಮನುಷ್ಯ

ಬೇರೆ ರೈಲಿಗೆ ಕೂಡದಿದ್ದರೂ ದೋಣಿಗೆ ಕೂಡುತ್ತದಲ್ಲ! ಅದೇ ಇಡೀ ಚರ್ಚೆಯ ತಿರುಳು. ಎಷ್ಟೋ ಹೆರಿಟೇಜ್ ರೈಲುಗಳು ಬಯಲಿನ ನಡುವೆ ಒಂದು ಕಡೆ ನಿಂತು ಇಂಜಿನ್ ತಿರುಗಿಸಿಕೊಂಡು ಬರುತ್ತವೆ. ಇಲ್ಲಿ ರೈಲಿಳಿದು ದೋಣಿ ಹತ್ತಿ ಬೌನೆಸ್‌ಗೋ ಆಂಬಲ್‌ಸೈಡಿಗೋ ಹೋಗಬಹುದು. ರೈಲು, ದೋಣಿ ಎರಡಕ್ಕೂ ಸೇರಿ ಒಂದೇ ಟಿಕೆಟ್ ಸಿಗುತ್ತದೆ. 1869ರಲ್ಲಿ ಯಾವ ಕೆಲಸಕ್ಕೆ ಕಟ್ಟಿದರೋ ಅದೇ ಕೆಲಸವನ್ನು ಈ ಸ್ಟೇಷನ್ ಇವತ್ತೂ ಮಾಡುತ್ತಿದೆ. ಅದನ್ನು ಆಟಿಕೆ ಅನ್ನಬೇಡಿ.

ಕಲ್ಲಿದ್ದಲು

ದಕ್ಕೆಯವರ ಮಾತಿಗೆ ನೂರಕ್ಕೆ ನೂರು ಒಪ್ಪಿಗೆ. ಇಂಜಿನ್‌ಗಳೂ ಆಟಿಕೆಯಲ್ಲ ಸ್ವಾಮಿ. ಅಲ್ಲಿರುವ 42073 ಮತ್ತು 42085 ಫೇರ್‌ಬರ್ನ್ ಟ್ಯಾಂಕ್ ಇಂಜಿನ್‌ಗಳು, ಅಂದರೆ ನೀರನ್ನು ತಮ್ಮ ಮೈಮೇಲೇ ಹೊರುವ ಉಗಿ ಇಂಜಿನ್‌ಗಳು. ಆ ಜಾತಿಯವು ಒಟ್ಟು 277 ತಯಾರಾದವು, ಉಳಿದದ್ದು ಈ ಎರಡೇ. ಎರಡೂ ಲೇಕ್‌ಸೈಡ್ ಲೈನಿನಲ್ಲೇ ಇವೆ. 1950 ಮತ್ತು 1951ರಲ್ಲಿ ಬ್ರೈಟನ್ ಕಾರ್ಖಾನೆಯಲ್ಲಿ ಕಟ್ಟಿದವು. ಲೈನ್ ಉಳಿಸಲು ಸೇರಿದ ಆ ರೈಲುಪ್ರೇಮಿಗಳ ಗುಂಪು ಅವುಗಳನ್ನು ಕೊಳ್ಳದೇ ಹೋಗಿದ್ದರೆ ಗುಜರಿಗೆ ಹೋಗುತ್ತಿದ್ದವು.

ನಗರವಾಸಿ

ದೋಣಿಯ ಕೊಂಡಿ ಇರುವುದು ನಿಜಕ್ಕೂ ವಿಶೇಷ, ಒಪ್ಪಿದೆ. ಆದರೆ ಚಳಿಗಾಲದಲ್ಲಿ ನಿತ್ಯದ ಪ್ರಯಾಣಿಕನಿಗೆ ಅದು ಉಪಯೋಗಕ್ಕೆ ಬರುವುದಿಲ್ಲ ಅನ್ನುವ ನನ್ನ ಮಾತು ಹಾಗೇ ಇದೆ.

ತುಂತುರು

ವಿಂಡರ್ಮಿಯರ್‌ನಲ್ಲಿ ಕಾರುಗಳನ್ನೂ ಹೊತ್ತು ದಾಟುವ ಫೆರಿ ಇದೆಯಲ್ಲ, ಅದು ಲೇಕ್‌ಸೈಡ್‌ಗೆ ಬರುತ್ತದಾ?

ದಕ್ಕೆ ಮನುಷ್ಯ

ಇಲ್ಲ. ಅದು ಬೌನೆಸ್ ಹತ್ತಿರ ಸರೋವರವನ್ನು ಅಡ್ಡ ದಾಟುವ ಫೆರಿ. ಕೇಬಲ್ ಹಿಡಿದು ಈ ದಡದಿಂದ ಆ ದಡಕ್ಕೆ ಹೋಗಿ ಬರುತ್ತದೆ. ಲೇಕ್‌ಸೈಡ್‌ಗೆ ಬರುವುದು ಉದ್ದಕ್ಕೆ ಓಡುವ ದೋಣಿಗಳು. ಅಡ್ಡ ದಾಟುವ ಕಡವು ರೈಲಿಗಿಂತ ಎಷ್ಟೋ ಹಳೆಯದು. 1635ರಲ್ಲಿ ಅಲ್ಲಿ ದೋಣಿ ಮುಳುಗಿ 47 ಜನ ಸತ್ತರು, ಮದುವೆಯ ದಿಬ್ಬಣದವರು ಅಂತ ಹೇಳುತ್ತಾರೆ.

ತುಂತುರು

ಅಯ್ಯೋ ಪಾಪ.

ಬೆಳಗಿನ ಕಾಫಿ

ವಿಷಯ ಸ್ವಲ್ಪ ಆಚೆ ಹೋಗುತ್ತದೆ, ಆದರೂ ಹೇಳಿಬಿಡುತ್ತೇನೆ. ಎರಡನೇ ಮಹಾಯುದ್ಧದಲ್ಲಿ ಇದೇ ಸರೋವರದ ದಂಡೆಯ ಕಾಲ್ಗಾರ್ತ್‌ನಲ್ಲಿ ಸಂಡರ್‌ಲ್ಯಾಂಡ್ ಅನ್ನುವ ದೈತ್ಯ ಹಾರುವ ದೋಣಿಗಳನ್ನು ಕಟ್ಟಿದರು. ನೀರಿಂದಲೇ ಮೇಲೇಳುವ ವಿಮಾನ. ಹೊಸದಾಗಿ 35 ತಯಾರಾದವು. ಇವತ್ತು ಅಷ್ಟು ಶಾಂತವಾಗಿ ಕಾಣುವ ನೀರಿನ ಮೇಲೆ ನಾಲ್ಕು ಇಂಜಿನ್ನಿನ ವಿಮಾನ ಓಡುವುದನ್ನು ಕಲ್ಪಿಸಿಕೊಳ್ಳಿ.

ಮಲೆನಾಡ ಹುಡುಗಿ

ರೈಲು ದೋಣಿ ಕೂಡುವ ಇಂಥ ಸ್ಟೇಷನ್ ಬೇರೆ ಎಲ್ಲಾದರೂ ಇದೆಯಾ?

ಉತ್ತರದ ಗಾಳಿ

ಸ್ಕಾಟ್ಲೆಂಡಿನ ಲಾಕ್ ಲೋಮಂಡ್‌ನಲ್ಲಿ ಬ್ಯಾಲಕ್ ಪಿಯರ್ ಅಂತ ಇತ್ತು. ಅಲ್ಲೂ ರೈಲು ನೇರ ಜೆಟ್ಟಿಗೇ ಹೋಗುತ್ತಿತ್ತು. 1953ರ ಮೇಡ್ ಆಫ್ ದ ಲಾಕ್ ಅನ್ನುವ ದೊಡ್ಡ ಚಕ್ರದೋಣಿಯನ್ನೂ ಬಿಡಿ ಭಾಗಗಳಾಗಿ ರೈಲಿನಲ್ಲೇ ತಂದು ಜೋಡಿಸಿದರು, ಸ್ವಾನ್, ಟೀಲ್ ಥರ. ದೋಣಿ ಓಡುವುದು ನಿಂತಿತು, 1986ರಲ್ಲಿ ಜೆಟ್ಟಿ ಸ್ಟೇಷನ್ನೂ ಮುಚ್ಚಿತು. ಲೇಕ್‌ಸೈಡ್‌ನಲ್ಲಿ ಆದದ್ದು ಉಲ್ಟಾ. ರೈಲು ನಿಂತರೂ ದೋಣಿ ನಿಲ್ಲಲಿಲ್ಲ. ಹಾಗಾಗಿ ಜಾಗಕ್ಕೆ ಜನ ಬರುವುದೂ ನಿಲ್ಲಲಿಲ್ಲ. ಎಂಟು ವರ್ಷದ ಮೇಲೆ ರೈಲು ವಾಪಸ್ ಬಂದಾಗ ಜೆಟ್ಟಿಯಲ್ಲಿ ಪ್ರಯಾಣಿಕರು ಕಾಯುತ್ತಿದ್ದರು. ನನ್ನ ಪ್ರಕಾರ ಈ ಸ್ಟೇಷನ್ನನ್ನು ಉಳಿಸಿದ್ದು ದೋಣಿಗಳೇ.

ಪ್ರವಾಸಿ ಪುಟ್ಟ

ಜರ್ಮನಿಯ ಕೀಮ್ಸೇ ಸರೋವರವನ್ನೂ ಸೇರಿಸಿ. ಪ್ರೀನ್ ಸ್ಟೇಷನ್ನಿಂದ ದೋಣಿ ಹತ್ತುವ ಜಾಗಕ್ಕೆ 2 ಕಿ.ಮೀ.ಗಿಂತ ಕಡಿಮೆ ಉದ್ದದ ಪುಟ್ಟ ರೈಲು. 1887ರಿಂದ ಇದೆ. ದ್ವೀಪದಲ್ಲಿ ರಾಜ ಲುಡ್‌ವಿಗ್ ಕಟ್ಟಿಸಿದ ಅರಮನೆ ನೋಡಲು ಮುಗಿಬಿದ್ದ ಜನರಿಗಾಗಿ ಹಾಕಿದ್ದು.

ಟೈಮ್‌ಟೇಬಲ್

ಫರ್ನೆಸ್ ಕಂಪನಿ ಇದನ್ನೆಲ್ಲಾ ಮೊದಲೇ ಮಾಡಿ ತೋರಿಸಿತ್ತು. ಅದಿರಿನ ಆದಾಯ ಇಳಿಯುತ್ತಾ ಬಂದಾಗ ಆಲ್ಫ್ರೆಡ್ ಆಸ್ಲೆಟ್ ಅನ್ನುವ ಮ್ಯಾನೇಜರ್ ಪ್ರವಾಸಕ್ಕೆ ಒತ್ತು ಕೊಟ್ಟರು. 1900ರಿಂದ 1914ರವರೆಗೆ ಬ್ಲ್ಯಾಕ್‌ಪೂಲ್ ಹತ್ತಿರದ ಫ್ಲೀಟ್‌ವುಡ್‌ನಿಂದ ಬ್ಯಾರೋಗೆ ಸಮುದ್ರದ ಮೇಲೆ ಚಕ್ರದೋಣಿ. ಬ್ಯಾರೋದಿಂದ ರೈಲಿನಲ್ಲಿ ಲೇಕ್‌ಸೈಡ್. ಅಲ್ಲಿಂದ ಸರೋವರದ ದೋಣಿಯಲ್ಲಿ ಆಂಬಲ್‌ಸೈಡ್. ಆಮೇಲೆ ಕುದುರೆ ಗಾಡಿಯಲ್ಲಿ ಕಾನಿಸ್ಟನ್, ಮತ್ತೆ ರೈಲು. ಇಂಥ ಸುತ್ತು ಪ್ರವಾಸಗಳನ್ನು ಸಾಲುಸಾಲಾಗಿ ಮಾರಿದರು. ಬ್ಲ್ಯಾಕ್‌ಪೂಲ್‌ಗೆ ರಜಕ್ಕೆ ಬಂದ ಗಿರಣಿ ಕೆಲಸಗಾರರು ಒಂದೇ ದಿನದಲ್ಲಿ ಸಮುದ್ರ, ಸರೋವರ, ಬೆಟ್ಟ ನೋಡಿಕೊಂಡು ಹೋಗಬಹುದಿತ್ತು. ಲೇಕ್‌ಸೈಡ್‌ನ ಮಹಡಿಯಲ್ಲಿ ವಾದ್ಯಗೋಷ್ಠಿ ನುಡಿಸುತ್ತಿದ್ದದ್ದೂ ಅದೇ ಕಾಲದಲ್ಲಿ. ಹಳಿಗುಂಟ ಅವರು ಫೋಟೋದಲ್ಲಿ ನೋಡಿದ ವೈಭವ ಇದೇ.

ಕಟ್ಟಡ ಕಣ್ಣು

ಆ ಗೋಪುರ, ಆ ದೊಡ್ಡ ಚಾವಣಿ ಎರಡೂ ಈಗ ಇಲ್ಲ ಅನ್ನುವುದನ್ನು ಹೊಸಬರಿಗೆ ಹೇಳಿಬಿಡಿ. ನಾನು ಹೋದಾಗ ಅದನ್ನೇ ಹುಡುಕಿ ನಿರಾಸೆಪಟ್ಟೆ. ರೈಲನ್ನು ಉಳಿಸಿದರು, ಕಟ್ಟಡದ ಬಹುಪಾಲನ್ನು ಕೆಡವಿದರು. ನಿರ್ವಹಣೆ ಕಷ್ಟ ಇದ್ದಿರಬಹುದು. ಆದರೂ ಗೋಪುರವನ್ನಾದರೂ ಬಿಡಬಹುದಿತ್ತು. ದೋಣಿಯಲ್ಲಿ ಬರುವವರಿಗೆ ದೂರದಿಂದ ಕಾಣುವ ಗುರುತೇ ಅದು.

ಗೂಡ್ಸ್ ಗಾಡಿ

ಇದಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ.

ಗಡಿರೇಖೆ

ಸಣ್ಣ ತಿದ್ದುಪಡಿ. ಬೇರೊಂದು ಕಡೆ ಕೆಲವರು ಲೇಕ್‌ಸೈಡ್ ಹಳೆಯ ವೆಸ್ಟ್‌ಮೊರ್‌ಲ್ಯಾಂಡ್ ಕೌಂಟಿಯಲ್ಲಿತ್ತು ಅಂತ ಬರೆದಿದ್ದರು. ಅಲ್ಲ. ಅದು 1974ರವರೆಗೂ ಲ್ಯಾಂಕಾಶೈರ್. ಆಮೇಲೆ ಕಂಬ್ರಿಯಾ. ಹಳೆಯ ದಾಖಲೆ ಹುಡುಕುವವರು ಲ್ಯಾಂಕಾಶೈರ್ ಅಂತ ಹುಡುಕಿ, ಇಲ್ಲದಿದ್ದರೆ ಏನೂ ಸಿಗುವುದಿಲ್ಲ.

ಹಳಿಗುಂಟ

ಇಷ್ಟು ಮಾಹಿತಿ ಬರುತ್ತದೆ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಧನ್ಯವಾದ. ಬರುವ ಬೇಸಿಗೆಯಲ್ಲಿ ಅಪ್ಪ ಅಮ್ಮನ ಜೊತೆ ಹೋಗಬೇಕೆಂದಿದ್ದೇನೆ. ಆಂಬಲ್‌ಸೈಡಿನಿಂದ ದೋಣಿಯಲ್ಲಿ ಬಂದು ರೈಲು ಹತ್ತುವುದೋ, ಹೇವರ್‌ತ್ವೇಟ್‌ನಿಂದ ಶುರು ಮಾಡುವುದೋ?

ಉತ್ತರದ ಗಾಳಿ

ವಯಸ್ಸಾದವರು ಇದ್ದರೆ ಹೇವರ್‌ತ್ವೇಟ್‌ನಿಂದ ಶುರು ಮಾಡಿ. ರೈಲು ಸುಮಾರು 20 ನಿಮಿಷ ಅಷ್ಟೇ. ಹೋಗುವಾಗ ಬಲಗಡೆ ಕಿಟಕಿ ಹಿಡಿಯಿರಿ, ಲೆವೆನ್ ನದಿ ಆ ಕಡೆಗೇ ಇರುವುದು. ಲೇಕ್‌ಸೈಡ್‌ನಿಂದ ಆಂಬಲ್‌ಸೈಡ್‌ವರೆಗೆ ದೋಣಿ ಒಂದು ಗಂಟೆಗಿಂತ ಜಾಸ್ತಿ ತೆಗೆದುಕೊಳ್ಳುತ್ತದೆ, ಅವರಿಗೆ ಉದ್ದವಾಯಿತು ಅನ್ನಿಸಿದರೆ ಬೌನೆಸ್‌ನಲ್ಲೇ ಇಳಿಯಿರಿ. ಹೊರಡುವ ಮುಂಚೆ ರೈಲಿನ ವೇಳೆ, ದೋಣಿಯ ವೇಳೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕೊನೆಯ ದೋಣಿ ತಪ್ಪಿದರೆ ಆ ದಂಡೆಯಲ್ಲಿ ಬಸ್ಸಿಗೆ ಪರದಾಡಬೇಕಾಗುತ್ತದೆ.

ಗೂಡ್ಸ್ ಗಾಡಿ

ಬೌನೆಸ್‌ನಲ್ಲಿ ಇಳಿದರೆ ಮ್ಯೂಸಿಯಂಗೆ ಹೋಗಿ. ರೇವನ್ ನೋಡದೆ ಬರಬೇಡಿ.